ಮಾರ್ಥಾ ನೀರಿಗಿಳಿದ ದಿನ

ಇದಕ್ಕೆಲ್ಲ ಕಾರಣ ಹೊರೇಸ್ ಲಾರ್ಟರನ ಬಾಯಿ. ಬಸ್ ಓಡಿಸಿ ನಿವೃತ್ತನಾದ ಮೇಲೆ ಅವನು ಮೂರು ಚಳಿಗಾಲ ಶೆಡ್ಡಿನಲ್ಲಿ ಕೂತು ಒಂದು ಹಳೆಯ ಮರದ ದೋಣಿಯನ್ನು ರಿಪೇರಿ ಮಾಡಿದ್ದ. ಕೊಳೆತ ಹಲಗೆ ಕಿತ್ತು, ಹೊಸದಕ್ಕೆ ತಾಮ್ರದ ಮೊಳೆ ಜಡಿದು, ನೀಲಿ ಬಣ್ಣ ಬಳಿದು, ‘ಮಾರ್ಥಾ’ ಎಂದು ಹೆಸರು ಬರೆದಿದ್ದ.

ಕೆಲಸಕ್ಕೆ ಬಾರದ ದೋಣಿಗೆ ಮಣ್ಣು ತುಂಬಿ ಹೂಗಿಡ ನೆಡುವುದು ಆ ಕರಾವಳಿಯ ಹಳ್ಳಿಗಳ ಪದ್ಧತಿ. ಯಾವ ಹಳ್ಳಿ ಹೆಚ್ಚು ಅಂದ ಎಂಬ ಸ್ಪರ್ಧೆ ಬೇರೆ ಹತ್ತಿರ ಬಂದಿತ್ತು. ಹೊರೇಸನ ಊರು ಸ್ಟೇತ್‌ಬಿಯ ಹೂದೋಟ ಸಮಿತಿಯ ಮಿಸೆಸ್ ಥರ್ಟಲ್, ಮಾರ್ಥಾಳನ್ನು ಅಳತೆ ತೆಗೆಯುವ ದರ್ಜಿಯ ಹಾಗೆ ನೋಡುತ್ತಿದ್ದಳು.

“ತೇಲದಿದ್ರೆ ನಮಗೇ ಕೊಟ್ಬಿಡಿ ಹೊರೇಸ್,” ಎಂದಳು ಪಬ್ಬಿನಲ್ಲಿ, ಎಲ್ಲರೆದುರಿಗೆ.

“ನಾಳೆ ಹಾಯಿ ಕಟ್ಕೊಂಡು ಅಳಿವೆ ದಾಟಿ ಓವರ್‌ವಿಕ್ ಮುಟ್ತೀನಿ. ಮುಟ್ಟದಿದ್ರೆ ದೋಣಿ ನಿಮ್ಮದು!” ಎಂದುಬಿಟ್ಟ ಹೊರೇಸ್. ಅವನು ಹಾಯಿ ನಡೆಸಲು ಕಲಿತದ್ದು ಅಡುಗೆಮನೆಯ ಮೇಜಿನ ಮುಂದೆ, ಪುಸ್ತಕ ಓದಿ.

ಬೆಳಿಗ್ಗೆ ದಡದಲ್ಲಿ ಊರೇ ನೆರೆದಿತ್ತು. ಹೊರೇಸ್ ಟ್ರೈಲರನ್ನು ನೀರಿನಂಚಿಗೆ ತಂದು ದೋಣಿಯನ್ನು ನೀರಿಗಿಳಿಸಿದ. ಮಾರ್ಥಾ ಬಾತುಕೋಳಿಯಂತೆ ತೇಲಿದಳು. ಐದು ನಿಮಿಷದಲ್ಲಿ ಬಾತುಕೋಳಿಯ ಹೊಟ್ಟೆಯೊಳಗೆಲ್ಲ ನೀರು.

“ಶೆಡ್ಡಲ್ಲಿಟ್ಟು ಒಣಗಿಸಿ ಹಲಗೆ ಹಪ್ಪಳ ಮಾಡಿದೀಯ ಮಾರಾಯ,” ಎಂದ ಪಕ್ಕದ ಮನೆಯ ಪರ್ಸಿ. “ಎರಡು ದಿನ ಮುಳುಗಿಸಿಡು. ಹಲಗೆ ನೆನೆದು ಉಬ್ಬಿದ್ರೆ ಸಂದು ತಾನಾಗೇ ಮುಚ್ಕೊಳ್ಳತ್ತೆ.”

“ಎರಡು ದಿನವೇ? ಇವತ್ತು ಅಂತ ಮಾತು ಕೊಟ್ಟಾಗಿದೆ!”

“ಗುದ್ದಲಿ ತರಿಸ್ಲಾ ಹೊರೇಸ್?” ಎಂದು ಮಿಸೆಸ್ ಥರ್ಟಲ್ ದಡದಿಂದ ಮೃದುವಾಗಿ ಕೇಳಿದಳು.

ಹೊರೇಸ್ ಪರ್ಸಿಯ ಕೈಗೆ ಒಂದು ಬಾಣಲೆ ಕೊಟ್ಟು ದೋಣಿಗೆ ಎಳೆದುಕೊಂಡ. ಹಾಯಿ ಏರಿತು. ಗಾಳಿ ತಿರುಗಿದಾಗ ಹಾಯಿಯ ಅಡ್ಡಕೋಲು ಬೀಸಿ ಬಂದು ಪರ್ಸಿಯ ಟೋಪಿಯನ್ನು ನೀರಿಗೆ ಎಸೆಯಿತು.

“ತಲೆ ಬಗ್ಗಿಸು ಅಂತ ಹೇಳೋದಲ್ವೇನಯ್ಯ!”

“ಆ ಪುಟ ಇನ್ನೂ ಓದಿಲ್ಲ ಕಣೋ. ನೀರು ಎತ್ತಿ ಹಾಕು!”

ಅರ್ಧ ದಾರಿ ಅವರು ಹಿಮ್ಮುಖವಾಗಿಯೇ ಸಾಗಿದರು. ದಾರಿಯ ಗುರುತಿಗೆ ತೇಲಿಬಿಟ್ಟಿದ್ದ ಒಂದು ಪೀಪಾಯಿಗೆ ಮೂರು ಸುತ್ತು ಪ್ರದಕ್ಷಿಣೆಯಾಯಿತು. ಪರ್ಸಿ ಬಾಣಲೆಯಲ್ಲಿ ನೀರು ಮೊಗೆದು ಮೊಗೆದು ತನ್ನ ಸತ್ತ ಅಜ್ಜಂದಿರನ್ನೆಲ್ಲ ಹೆಸರು ಹಿಡಿದು ಕರೆದ. ಕೊನೆಗೆ ಗಾಳಿಗೇ ಕನಿಕರ ಬಂದು ಒಂದು ಸಲ ಜೋರಾಗಿ ನೂಕಿದ್ದಕ್ಕೆ ಮಾರ್ಥಾ ಓವರ್‌ವಿಕ್‌ನ ದಡಕ್ಕೆ ಹೋಗಿ ಮೂಗು ತಾಗಿಸಿದಳು. ಸ್ಟೇತ್‌ಬಿಯ ದಡದಿಂದ ಕೂಗು, ಚಪ್ಪಾಳೆ. ಮಿಸೆಸ್ ಥರ್ಟಲ್ ಕೂಡ ಕೈಬೀಸಿದಳು.

ಅಲ್ಲಿದ್ದ ನಾಲ್ಕು ಜನ ಕೈಹಾಕಿ ದೋಣಿಯನ್ನು ಹುಲ್ಲಿನ ಮೇಲೆಳೆದು, ದಿಮ್ಮಿಗಳ ಮೇಲೆ ಕೂರಿಸಿಕೊಟ್ಟರು. ಒಳಗಿನ್ನೂ ಅರ್ಧ ನೀರಿತ್ತು. ಒದ್ದೆ ಹಾಯಿಯನ್ನು ಹೆಗಲಿಗೆ ಹಾಕಿಕೊಂಡು ಇಬ್ಬರೂ ಅಲ್ಲಿಯ ಪಬ್ಬಿಗೆ ನಡೆದರು. ಹಾಯಿ ಒಣಗಬೇಕಲ್ಲ. ಅದು ಒಣಗುವಷ್ಟರಲ್ಲಿ ಹೊರೇಸ್ ತನ್ನ ಯಾನವನ್ನು ಏಳು ಜನಕ್ಕೆ ಹೇಳಿದ್ದ. ಏಳನೆಯವನಿಗೆ ಹೇಳುವಾಗ ಅಲೆಗಳು ಚರ್ಚಿನ ಗೋಪುರದೆತ್ತರ ಇದ್ದವು.

ಸಂಜೆ ಹೊರಗೆ ಬಂದು ನೋಡಿದರೆ ಮಾರ್ಥಾಳ ತುಂಬ ಕಪ್ಪು ಮಣ್ಣು. ಅದರ ಮೇಲೆ ಸಾಲಾಗಿ ಕೆಂಪು ಜೆರೇನಿಯಂ. ಹಾಯಿಕಂಬಕ್ಕೆ ಬಟಾಣಿ ಹೂವಿನ ಬಳ್ಳಿ ಸುತ್ತಿತ್ತು. ಓವರ್‌ವಿಕ್‌ನವರೂ ಸ್ಪರ್ಧೆಯಲ್ಲಿದ್ದರು.

“ಇದು ನನ್ನ ದೋಣಿ!” ಎಂದು ಕಿರುಚಿದ ಹೊರೇಸ್.

ನೀರಿನ ಜಗ್ಗು ಹಿಡಿದಿದ್ದ ಹೆಂಗಸು ಗಾಬರಿಯಾದಳು. “ಅಯ್ಯೋ, ನಿಮ್ಮದಾ? ಯಾರೋ ಬಿಟ್ಟುಹೋಗಿದ್ದಾರೆ ಅಂದ್ಕೊಂಡ್ವಿ. ಇಷ್ಟು ನೀರು ತುಂಬಿರೋ ದೋಣೀಲಿ ಯಾರಾದ್ರೂ ಅಳಿವೆ ದಾಟಿ ಬರ್ತಾರೆ ಅಂತ ಹೊಳೀಲೇ ಇಲ್ಲ ಸಾರ್. ಆದ್ರೂ ಏನು ಗಟ್ಟಿ ದೋಣಿ! ಗಿಡಕ್ಕೆ ನೀರು ಹುಯ್ದ್ರೆ ಒಂದು ಹನಿ ಇಳೀಲಿಲ್ಲ. ಬೇರು ಕೊಳೀತದೆ ಅಂತ ಭಯ ಆಗೋಯ್ತು.”

ಹೊರೇಸನ ಮುಖ ಕೋಪ ಮರೆತು ಅರಳಿತು. ಪರ್ಸಿಯ ಬೆನ್ನಿಗೆ ಗುದ್ದಿದ. “ಕೇಳಿದ್ಯೇನೋ? ಒಂದು ಹನಿ ಇಳೀಲಿಲ್ಲವಂತೆ! ಹಲಗೆ ಉಬ್ಬಿದೆ ಕಣೋ!”

ಅಷ್ಟರಲ್ಲಿ ದೋಣಿಯ ಅಡಿಯಿಂದ ಒಬ್ಬ ಮುದುಕ ಡ್ರಿಲ್ ಹಿಡಿದು ತೆವಳಿಕೊಂಡು ಹೊರಬಂದ.

“ಇನ್ನೇನೂ ಯೋಚ್ನೆ ಇಲ್ಲ,” ಎಂದ ಅವನು, ಮಂಡಿಯ ಮಣ್ಣು ಕೊಡವುತ್ತ. “ಆರು ತೂತು ಹೊಡೆದಿದೀನಿ. ಈಗ ಸಲೀಸಾಗಿ ಸೋರ್ತಿದೆ.”