ಡ್ರಿಲ್ ಲೀಡರ್ ಜಂಬಣ್ಣ

ಮಹಡಿ ಹತ್ತಿ ನೀರಿನ ಟ್ಯಾಂಕು ನೋಡಿ ಬರುವಷ್ಟರಲ್ಲಿ ಜಂಬಣ್ಣ ಕಮ್ಮಾರನ ತಿದಿಯಂತೆ ಏದುಸಿರು ಬಿಡುತ್ತಿದ್ದ. ಹೆಂಡತಿ ಶೇಖಮ್ಮ ಕಿಸಕ್ಕನೆ ನಕ್ಕಳು. ಮಾನ ಉಳಿಸಿಕೊಳ್ಳಲು ಅವನು, ಶಾಲೆಯಲ್ಲಿ ತಾನೇ ಡ್ರಿಲ್ ಲೀಡರ್ ಆಗಿದ್ದೆನೆಂದು ಹೇಳಿಬಿಟ್ಟ.

ನಿಜವೆಂದರೆ, ಪಿ.ಟಿ. ಪೀರಿಯಡ್ ಬಂದರೆ ಜಂಬಣ್ಣನಿಗೆ ಹೊಟ್ಟೆನೋವು ಬರುತ್ತಿತ್ತು. ಉಳಿದ ಹುಡುಗರು ಮೈದಾನದ ಕಲ್ಲು ಆರಿಸಿ, ಹೆಡ್‌ಮಾಸ್ತರರ ಸಸಿಗಳಿಗೆ ನೀರು ಹೊತ್ತು, ಸಮಯ ಮಿಕ್ಕರೆ ಬಸವಲಿಂಗ ಮಾಸ್ತರರ ಸೀಟಿಗೆ ತಕ್ಕಂತೆ ಸಾವಧಾನ್, ವಿಶ್ರಾಮ್ ಮಾಡುತ್ತಿದ್ದರು. ಶಾಲೆಗಿದ್ದ ಒಂದೇ ಫುಟ್‌ಬಾಲು, ಸವೆದೀತೆಂದು ಬೀರುವಿನಲ್ಲಿ ಭದ್ರವಾಗಿತ್ತು. ಜಂಬಣ್ಣ ಎಲ್ಲರ ಚಪ್ಪಲಿ ಕಾಯುತ್ತ ಕೂತಿರುತ್ತಿದ್ದ.

ಮಾನ್ವಿಯಿಂದ ಬಂದ ಶೇಖಮ್ಮನಿಗೆ ಇದು ಗೊತ್ತಿರಲಿಲ್ಲ. ಆದರೆ ಆ ಮಾತು ಗೋಡೆಯಾಚೆಯ ಮಹಬೂಬೀಯ ಕಿವಿಗೆ ಬಿತ್ತು. ಅಂದೇ ದೇವದುರ್ಗದ ಆ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಬಸವಲಿಂಗ ಮಾಸ್ತರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಲೀಡರ್‌ಸಾಬರ ಡ್ರಿಲ್ ನೋಡೋಣ ಬರ್ರಿ ಎಂದು ಮಹಬೂಬೀ ಇಡೀ ಓಣಿಯನ್ನೇ ಹೊರಡಿಸಿದಳು.

ಜಂಬಣ್ಣನ ಓರಗೆಯವರು ಯಾರೂ ಬರುವವರಿರಲಿಲ್ಲ; ಬರುವವರೆಲ್ಲ ಬೇರೆ ವರ್ಷದವರು. ಭಯವಿದ್ದದ್ದು ಮಾಸ್ತರರದೊಂದೇ. ಅವರನ್ನು ಕರೆತರುವ ನೆಪದಲ್ಲಿ ಬೈಕು ಹತ್ತಿ ಅವರ ಊರು ಮಸರಕಲ್‌ಗೆ ಓಡಿದ. ಮರಳುವ ದಾರಿಯಲ್ಲಿ ಎಲ್ಲ ಒಪ್ಪಿಕೊಂಡು, ಮಾನ ಕಾಯಬೇಕೆಂದು ಗೋಗರೆದ. ಮಾಸ್ತರರು ಹಿಂದಿನಿಂದ ಅವನ ಬೆನ್ನು ತಟ್ಟಿದರು.

ವೇದಿಕೆ ಹತ್ತಿದ ಮಾಸ್ತರರು ಅವನನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಅಲ್ಲಿಗೇ ನಿಲ್ಲಲಿಲ್ಲ. ಉಮೇದು ಬಂದು ಸೀಟಿ ಊದಿಯೇಬಿಟ್ಟರು. ಹೊಟ್ಟೆ ಬಂದ ಹಳೆಯ ವಿದ್ಯಾರ್ಥಿಗಳೆಲ್ಲ ದಡಬಡನೆ ಎದ್ದು ಜಂಬಣ್ಣನ ಹಿಂದೆ ಸಾಲಾದರು. ಮಾಸ್ತರರು "ದಾಹಿನೇ ಮುಡ್" ಎಂದು ಕೂಗಿದರು. ಬಲಕ್ಕೆ ತಿರುಗಬೇಕಾದ ಜಂಬಣ್ಣ ಎಡಕ್ಕೆ ತಿರುಗಿದ. ಲೀಡರನನ್ನು ನಂಬಿ ಸಾಲೂ ಎಡಕ್ಕೇ ತಿರುಗಿತು. ಮುಂದಿನ ಆಜ್ಞೆಗೆ ಎಲ್ಲರೂ ಕಾಲು ಕುಟ್ಟುತ್ತ ನೇರ ತಿಂಡಿಯ ಶಾಮಿಯಾನದೊಳಗೆ ನುಗ್ಗಿದರು. ಗೂಟ ಕಿತ್ತುಬಂತು, ಬಟ್ಟೆ ಕುಸಿಯಿತು. ಒಳಗಿದ್ದ ಉಪ್ಪಿಟ್ಟಿನ ಬುಟ್ಟಿಯ ಮೇಲೆ ಸಾಲು ಸಾಲಾಗಿ ಬಿದ್ದರು.

ಇನ್ನು ಮುಗಿಯಿತು ಎಂದುಕೊಂಡ ಜಂಬಣ್ಣ. ಆದರೆ ಮಾಸ್ತರರು ಮೈಕಿನಲ್ಲಿ, "ಭೇಷ್. ನಮ್ಮ ಕಾಲದಾಗ ಹಿಂಗ ಇತ್ತು" ಎಂದರು. ಈಗಿನ ಹೆಡ್‌ಮೇಡಂ ಎದ್ದು ಚಪ್ಪಾಳೆ ತಟ್ಟಿದರು. ಒಬ್ಬರೂ ಪ್ರಶ್ನೆ ಮಾಡದೆ ಲೀಡರನ ಹಿಂದೆ ಹೋಗಿ ಬೀಳುವುದೆಂದರೆ ಎಂಥ ಶಿಸ್ತು! ಶಾಲೆಯಲ್ಲಿ ಪಿ.ಟಿ. ಮಾಸ್ತರರೇ ಇಲ್ಲ, ಸ್ವಾತಂತ್ರ್ಯ ದಿನದವರೆಗೆ ಜಂಬಣ್ಣನವರೇ ಮಕ್ಕಳಿಗೆ ಡ್ರಿಲ್ ಕಲಿಸಬೇಕೆಂದು ಕೇಳಿಕೊಂಡರು. ಅವನು ಬಾಯಿ ತೆರೆಯುವ ಮೊದಲೇ ಶೇಖಮ್ಮ ಎದ್ದು ನಿಂತು ಒಪ್ಪಿಗೆ ಕೊಟ್ಟಳು. ನಾಳೆಯೇ ಶುರುವೆಂದೂ, ನೋಡಲು ಓಣಿಯವರು ಬರುವರೆಂದೂ ಮಹಬೂಬೀ ಸೇರಿಸಿದಳು.

ಸಂಜೆ ಮಾಸ್ತರರನ್ನು ಊರಿಗೆ ಬಿಡಲು ಹೋದ ಜಂಬಣ್ಣ, ಅವರ ಮನೆ ಕಟ್ಟೆಯ ಮೇಲೆ ಕೂತು ಕೈಮುಗಿದ.

"ಸರ, ಹೆಂಗರೆ ಮಾಡಿ ಇವತ್ತೊಂದಿಷ್ಟು ಡ್ರಿಲ್ ಕಲಿಸ್ರಿ."

ಮಾಸ್ತರರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಲೇ ಜಂಬ್ಯಾ, ನಾ ಹಿಂದಿ ಮಾಸ್ತರ ಅಲ್ಲೇನೋ. ಆಜ್ಞೆ ಎಲ್ಲಾ ಹಿಂದ್ಯಾಗ ಅದಾವ ಅಂತ ಹೆಡ್‌ಮಾಸ್ತರ ನನ್ನ ಕೊರಳಿಗೆ ಸೀಟಿ ಹಾಕಿದ. ಕೂಗೂದಷ್ಟ ನನ್ನ ಕೆಲಸ ಇತ್ತು. ನೀವು ಯಾವ ಕಡಿ ತಿರುಗಿದ್ರೂ ಭೇಷ್ ಅಂತಿದ್ದೆ."