ಅತ್ತಿಗೆ ಕೊಟ್ಟ ಲೈನ್ ಕ್ಲಿಯರ್

ನಮ್ಮ ಅತ್ತಿಗೆಯ ಅಪ್ಪಣೆ ಇಲ್ಲದೆ ಬೆಳಗೋಡಿನ ಆಕಾಶದಲ್ಲಿ ಒಂದು ಹದ್ದು ಕೂಡ ಹಾರುವುದಿಲ್ಲ. ನಂಬುವುದಿಲ್ಲವೇ? ಸರಿ, ಹದ್ದಿನ ಮಾತು ಸ್ವಲ್ಪ ಹೆಚ್ಚಾಯಿತು, ಒಪ್ಪುತ್ತೇನೆ. ಉಳಿದದ್ದೆಲ್ಲ ಅಕ್ಷರಶಃ ನಿಜ. ವಯಸ್ಸು ಎಪ್ಪತ್ತೊಂದು, ಓದಿದ್ದು ಏಳನೇ ಕ್ಲಾಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ವಾಕಿಟಾಕಿ. ಜಗಲಿಯ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಅವರೆಕಾಯಿ ಸುಲಿಯುತ್ತ, ಸುತ್ತಲಿನ ಹನ್ನೊಂದು ಕಾಫಿ ತೋಟಗಳ ಮೇಲೆ ಯಾವ ಡ್ರೋನು ಯಾವಾಗ ಏಳಬೇಕು, ಯಾವುದು ಇಳಿಯಬೇಕು ಎಂದು ತೀರ್ಮಾನಿಸುವ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ!

ನಾನು ಘಟ್ಟದ ರೈಲು ದಾರಿಯಲ್ಲಿ ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಅಣ್ಣನ ಮನೆ ಸೇರಿದವನು. ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಕ್ಷೌರ, ಐದೂಕಾಲಿಗೆ ಕಾಫಿ. ಕಾಫಿ ಐದು ಹದಿನಾರಕ್ಕೆ ಬಂದರೆ ಗಡಿಯಾರ ನೋಡುತ್ತೇನೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅತ್ತಿಗೆಯೇ ಹೇಳುತ್ತಾರೆ: "ಮಾಸ್ಟ್ರೇ, ಕಾಫಿ ಗಾಡಿ ಒಂದ್ ನಿಮಿಷ ಲೇಟು. ಕ್ಷಮಿಸ್ಬುಟ್ಟು ಬಾವುಟ ತೋರ್ಸಿ." ಇಂಥ ಶಿಸ್ತಿನವನಿಗೆ ಇಂಥ ಅತ್ತಿಗೆ!

ಇದೆಲ್ಲ ಶುರುವಾದದ್ದು ನಮ್ಮ ಬೆಳೆಗಾರರ ಸಂಘ ಸಿಂಪಡಣೆಯ ಡ್ರೋನು ತಂದಾಗ. ಡಬ್ಬ ತುಂಬ ಔಷಧಿ ಹೊತ್ತು, ಆಳು ಏರಲಾಗದ ಇಳಿಜಾರಿನ ಮೇಲೆ ತೇಲುತ್ತ ಹೋಗುವ ಯಂತ್ರ. ತರಬೇತಿ ಕೊಡಲು ಬಂದವನು "ಕಲಿಯೋಕೆ ಯಾರು ರೆಡಿ?" ಎಂದಾಗ ಮೊದಲು ಎದ್ದ ಕೈ ಅತ್ತಿಗೆಯದು. ಬಳೆ ಸದ್ದಿನ ಸಮೇತ ಎದ್ದಿತು.

"ಅಮ್ಮಾ, ಪೈಲಟ್ ಸರ್ಟಿಫಿಕೇಟು ಅರವತ್ತೈದು ದಾಟಿದವರಿಗೆ ಕೊಡಲ್ಲ" ಎಂದ ಅವನು, ಮೆಲ್ಲಗೆ.

"ಯಾಕಪ್ಪ? ಹಾರೋದು ಅದು. ನಾನು ನೆಲದ ಮ್ಯಾಲೇ ಇರ್ತೀನಲ್ಲ?"

"ರೂಲ್ಸು ಅಮ್ಮಾ."

ಅತ್ತಿಗೆ ಎತ್ತಿದ ಕೈಯನ್ನು ಸೊಂಟಕ್ಕಿಟ್ಟುಕೊಂಡರು. "ಆಗ್ಲಿ. ಹಾರ್ಸೋಕೆ ವಯಸ್ಸು ಮೀರೈತೆ ಅಂದ್ರೆ, ಹಾರಬ್ಯಾಡ ಅನ್ನೋಕೆ ವಯಸ್ಸು ಬಂದೈತೆ ಅಂತ್ಲೇ ಲೆಕ್ಕ!"

ಸಭೆಯೆಲ್ಲ ನಕ್ಕಿತು. ನಗಬಾರದಿತ್ತು.

ಮುಂದಿನ ಭಾನುವಾರ, ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ಅಣ್ಣನ ಮಗಳು ಅಂಗೈಯಗಲದ ಒಂದು ಪೆಟ್ಟಿಗೆ ತಂದಳು. ಕಾಫಿ ಮೂಟೆ ಇಡುವ ಸ್ಟೋರಿನ ಮಾಡಿನ ಮೇಲೆ ತಾಮ್ರದ ತಂತಿಯ ಆಂಟೆನಾ ನಿಂತಿತು. ಜಗಲಿಯ ಪರದೆಯಲ್ಲಿ, ನಮ್ಮ ತಲೆಯ ಮೇಲೆ ಹಾದುಹೋಗುವ ವಿಮಾನಗಳೆಲ್ಲ ಚುಕ್ಕಿ ಚುಕ್ಕಿಯಾಗಿ ಮೂಡಿದವು. ಮೊದಲೆಲ್ಲ ನೆಲದ ಮೇಲಿನ ರಡಾರು ಸುತ್ತುತ್ತ "ಅಲ್ಲಿ ಯಾರು?" ಎಂದು ಕೇಳಬೇಕಿತ್ತಂತೆ. ಈಗ ವಿಮಾನವೇ ಉಪಗ್ರಹದಿಂದ ತನ್ನ ಜಾಗ ತಿಳಿದುಕೊಂಡು, "ನಾನು ಇಂಥದ್ದು, ಇಂಥಲ್ಲಿದ್ದೇನೆ, ಇಷ್ಟು ಎತ್ತರ, ಇಷ್ಟು ವೇಗ" ಎಂದು ಕ್ಷಣಕ್ಷಣಕ್ಕೂ ಸಾರಿಕೊಳ್ಳುತ್ತದಂತೆ. ಡ್ರೋನುಗಳಿಗೂ ಇಂಥದೇ ವ್ಯವಸ್ಥೆ ಬರುತ್ತಿದೆಯಂತೆ. ಮಗಳು ವಿವರಿಸುತ್ತಿದ್ದರೆ ನನಗೆ ಅರ್ಧ ಅರ್ಥವಾಯಿತು. ಅತ್ತಿಗೆಗೆ ಪೂರ್ತಿ ಅರ್ಥವಾಯಿತು.

"ಕೇಳೋ ಮುಂಚೇನೇ ಹೇಳ್ಬುಡ್ತೈತೆ ಅನ್ನು! ನಿಮ್ಮಪ್ಪ ಮಾತ್ರ ಹಳೇ ರಡಾರಿನ ಕಾಲದೋರು ಕಣೇ. ಮೂರು ಸಲ ಕೂಗಿದ್ರೆ ಒಂದ್ ಸಲ 'ಹೂಂ'."

ಒಳಗಿನಿಂದ ಅಣ್ಣ "ಹೂಂ" ಎಂದ. ಯಾವುದಕ್ಕೆ ಎಂದು ಇಂದಿಗೂ ಗೊತ್ತಿಲ್ಲ.

ಡ್ರೋನಿನ ಆ್ಯಪಿನಲ್ಲಿ ಹಸಿರು, ಹಳದಿ, ಕೆಂಪು ಎಂದು ಆಕಾಶಕ್ಕೂ ಬಣ್ಣ ಹಚ್ಚಿರುತ್ತಾರೆ. ಕೆಂಪಿನ ಗಡಿಗೆ ಬಂದರೆ ಡ್ರೋನು ಕಾಣದ ಬೇಲಿಗೆ ತಾಗಿದ ಹಾಗೆ ನಿಂತುಬಿಡುತ್ತದೆ. ಇದನ್ನು ನೋಡಿದ ಅತ್ತಿಗೆ ಆ ಕೆಂಪು ಗಡಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ, "ಕರೆಂಟ್ ಬೇಲೀನೇ ಮರ ಬೀಳ್ಸಿ ದಾಟೋ ಆನೆ ಇರೋ ಊರಲ್ಲಿ, ಇಲ್ದಿರೋ ಬೇಲಿಗೆ ಹೆದರೋ ಪ್ರಾಣಿ ಬಂತಲ್ಲ ಮಾರಾಯ!" ಎಂದು ನಿಟ್ಟುಸಿರಿಟ್ಟರು.

ಆದರೆ ಡ್ರೋನು ಇನ್ನೊಂದು ಡ್ರೋನಿಗೆ ಹೆದರಲಿಲ್ಲ. ಅಲ್ಲೇ ಬಂತು ತಕರಾರು.

ಒಂದು ಬೆಳಿಗ್ಗೆ ಬಾಳ್ಳುಪೇಟೆಯಿಂದ ಬಂದ ಫೋಟೋಗ್ರಾಫರ್ ಒಬ್ಬ ನಮ್ಮ ಗದ್ದೆ ಬದುವಿನ ಮೇಲೆ ಮದುವೆ ಗಂಡು ಹೆಣ್ಣನ್ನು ಕೈ ಕೈ ಹಿಡಿಸಿ ನಿಲ್ಲಿಸಿ, ಮೇಲಿನಿಂದ ಡ್ರೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅದೇ ಗದ್ದೆಗೆ ಸಂಘದ ಡ್ರೋನು ಜೀವಾಮೃತ ಸಿಂಪಡಿಸಲು ಬಂತು. ಜೀವಾಮೃತವೆಂದರೆ ಗೊತ್ತಲ್ಲ? ಸಗಣಿ, ಗಂಜಲ, ಬೆಲ್ಲ, ಹಿಟ್ಟು ಎಲ್ಲ ಕೊಳೆಸಿದ ರಸ. ಎರಡು ಡ್ರೋನುಗಳೂ ಮೂತಿಗೆ ಮೂತಿ ತಾಗಿಸಿದವು. ಒಂದು ಗದ್ದೆಗೆ ಬಿತ್ತು. ಇನ್ನೊಂದು ಬೀಳುವ ಮೊದಲು ಹೊತ್ತಿದ್ದ ಭಾರವನ್ನೆಲ್ಲ ಇಳಿಸಿತು. ಮದುವೆ ಗಂಡಿನ ಬಿಳಿ ರೇಷ್ಮೆ ಶರ್ಟಿನ ಮೇಲೆ!

"ಹೋಗ್ಲಿ ಬುಡಪ್ಪ, ಮದ್ವೆಗೆ ಮುಂಚೇನೇ ಎಲ್ಲಾ ಶುದ್ಧಿ ಆಗೋಯ್ತು" ಎಂದು ಅತ್ತಿಗೆ ಅವನಿಗೆ ಬಿಸಿನೀರು ಕಾಯಿಸಿ ಕೊಟ್ಟರು. ಹೆಣ್ಣು ಮಾತ್ರ ಹತ್ತು ಮಾರು ದೂರದಲ್ಲೇ ನಿಂತಿದ್ದಳು.

ಅಂದೇ ಅತ್ತಿಗೆ ನನ್ನೆದುರು ಬಂದು ಕೂತರು. "ಮಾಸ್ಟ್ರೇ, ಘಟ್ಟದಾಗೆ ಇರೋದು ಒಂದೇ ಹಳಿ. ಅತ್ಲಾಗಿಂದ್ಲೂ ಗಾಡಿ, ಇತ್ಲಾಗಿಂದ್ಲೂ ಗಾಡಿ. ಅದೆಂಗೆ ಒಂದಕ್ಕೊಂದು ಗುದ್ದದಂಗೆ ನೋಡ್ಕಂಡ್ರಿ?"

ನಾನು ಹೇಳಿದೆ: ಮುಂದಿನ ಸ್ಟೇಷನ್ನು ದಾರಿ ಖಾಲಿ ಇದೆ ಎಂದು ಒಪ್ಪಿಕೊಳ್ಳದೆ ಗಾಡಿ ಬಿಡುವಂತಿಲ್ಲ. ಆ ಒಪ್ಪಿಗೆಗೆ ಲೈನ್ ಕ್ಲಿಯರ್ ಎನ್ನುತ್ತೇವೆ. ಅದು ಸಿಕ್ಕಿದ ಗುರುತಿಗೆ ಡ್ರೈವರನ ಕೈಗೆ ಒಂದು ಟೋಕನ್. ಒಂದು ದಾರಿಗೆ ಒಂದೇ ಟೋಕನ್. ಅತ್ತಿಗೆ ತಲೆಯಾಡಿಸಿದರು. ಮರುದಿನ ಜಗಲಿಯ ಗೋಡೆಯ ಮೇಲೆ ಒಂದು ಹಲಗೆ. ಹಲಗೆಯಲ್ಲಿ, ಗುಡ್ಡಗಳ ನಡುವಿನ ಒಂದೊಂದು ಕೊಲ್ಲಿಗೂ ಒಂದೊಂದು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಡ್ರೋನು ಏಳಿಸುವವರು ಬಂದು ಬಿಲ್ಲೆಯನ್ನೂ ಒಂದು ವಾಕಿಟಾಕಿಯನ್ನೂ ಒಯ್ಯಬೇಕು, ಇಳಿಸಿದ ಮೇಲೆ ತಂದು ತೂಗುಹಾಕಬೇಕು. ಬಿಲ್ಲೆ ಇಲ್ಲದ ಮೊಳೆಯ ಕೊಲ್ಲಿಗೆ ಎರಡನೆಯವರು ಕಾಲಿಡುವಂತಿಲ್ಲ. ಪರದೆಯಲ್ಲಿ ಆ್ಯಪು, ಗೋಡೆಯಲ್ಲಿ ಬಿಲ್ಲೆ, ಕೈಯಲ್ಲಿ ವಾಕಿಟಾಕಿ. ದೊಡ್ಡ ವಿಮಾನ ನಿಲ್ದಾಣಗಳ ಗೋಪುರದಲ್ಲಿ ಇನ್ನೇನಿರುತ್ತದೆ, ಹೇಳಿ?

ಮೊದಲ ದಿನ ಬೆಳಿಗ್ಗೆ ಏಳಕ್ಕೆ ಅತ್ತಿಗೆ ಗಂಟಲು ಸರಿಮಾಡಿಕೊಂಡು ವಾಕಿಟಾಕಿಯಲ್ಲಿ ಗಂಭೀರವಾಗಿ ನುಡಿದರು: "ಲೈನ್ ಕ್ಲಿಯರ್!"

ಸಂಘದ ಡ್ರೋನು ಎದ್ದಿತು. ಅದರ ಜೊತೆಗೆ ಮೂವತ್ತೆರಡು ಜನರೂ ಎದ್ದರು.

ಏನಾಯಿತೆಂದರೆ, ಒಂದು ವಾಕಿಟಾಕಿ ನಮ್ಮ ತೋಟದ ರೈಟರ ಹತ್ತಿರವಿತ್ತು. ಆಳುಗಳ ಹಾಜರಿ ಬರೆದು ಕೆಲಸ ಹಂಚುವ ಅವರಿಗೆ ಹುಟ್ಟಿದಾಗಿನಿಂದ ಲೈನ್ ಎಂದರೆ ಒಂದೇ ಅರ್ಥ: ಕೆಲಸಗಾರರ ಮನೆಗಳ ಸಾಲು. ಅಮ್ಮಾವ್ರು ಲೈನ್ ಕ್ಲಿಯರ್ ಮಾಡಿ ಎಂದರೆ ಮಾಡಲೇಬೇಕಲ್ಲ! ಎಂಟು ಮನೆಗಳ ಜನ ಹಾಸಿಗೆ, ಪಾತ್ರೆ, ಕೋಳಿ, ಕೂಸು ಎತ್ತಿಕೊಂಡು ಸ್ಟೋರಿನ ಒಳಗೆ ಹೋಗಿ ನಿಂತರು. ಒಬ್ಬ ಅಜ್ಜಿ ಅರ್ಧ ಬೆಂದ ಅನ್ನದ ತಪ್ಪಲೆಯನ್ನೂ ತಂದಿದ್ದಳು. ರೈಟರು ಓಡಿ ಬಂದು ಸೆಲ್ಯೂಟ್ ಹೊಡೆದರು. "ಅಮ್ಮಾ, ಲೈನು ಪೂರ್ತಿ ಕ್ಲಿಯರ್! ಒಂದ್ ನರಪಿಳ್ಳೆ ಇಲ್ಲ. ಈಗ್ಲಾದ್ರೂ ಹೇಳಿ, ಯಾತಕ್ಕೆ?"

ನಾನು ಆ ಕಡೆ ತಿರುಗಿಕೊಂಡು ನಕ್ಕೆ. ಸಂಘದ ಅಧ್ಯಕ್ಷರು ನಗಲಿಲ್ಲ. ಕೊಯ್ಲಿನ ದಿನ, ಆಳುಗಳು ತೋಟಕ್ಕೆ ಹೋಗುವಾಗ ಹತ್ತು ಗಂಟೆ. ಸಂಜೆ ಅಧ್ಯಕ್ಷರು ಮನೆಗೇ ಬಂದರು. "ಅಕ್ಕಾರೇ, ತಪ್ಪು ತಿಳ್ಕಬ್ಯಾಡಿ. ಆ್ಯಪು ಐತೆ, ಎಲ್ಲಾ ಅದ್ರಾಗೇ ಕಾಣ್ತೈತೆ. ಈ ಬಿಲ್ಲೆ, ಈ ಕುರ್ಚಿ ಯಾಕೆ ಅಂತ ಜನ ಕೇಳ್ತಾವ್ರೆ. ಒಂದ್ ತಿಂಗ್ಳು ನೋಡನ. ಇನ್ನೊಂದ್ ಎಡವಟ್ಟು ಆದ್ರೆ ಆ್ಯಪಿಗೇ ಬುಟ್ಬುಡನ."

ಅತ್ತಿಗೆ "ಆಗ್ಲಿ" ಎಂದರು. ಅಂದು ರಾತ್ರಿ ಊಟಕ್ಕೆ ಸಾರಿಗೆ ಉಪ್ಪಿರಲಿಲ್ಲ. ಮದುವೆಯಾಗಿ ಐವತ್ತು ವರ್ಷದಲ್ಲಿ ಮೊದಲ ಸಲ, ಎಂದು ಅಣ್ಣ ಹೇಳಿದ. ಅದೂ ಪೂರ್ತಿ ವಾಕ್ಯದಲ್ಲಿ. ಆಗ ನನಗೆ ತಿಳಿಯಿತು, ಆ ಕುರ್ಚಿ ಆಕೆಗೆ ತಮಾಷೆಯಲ್ಲ ಎಂದು.

ಆ ತಿಂಗಳು ಅತ್ತಿಗೆಯ ಶಿಸ್ತು ನೋಡಬೇಕಿತ್ತು! ನನ್ನನ್ನೂ ಮೀರಿಸಿದರು. ಪ್ರತಿ ಗಂಟೆಗೊಮ್ಮೆ, ಪರದೆಗೆ ಕೊನೆಯ ಸುದ್ದಿ ಬಂದ ಹೊತ್ತನ್ನು ನನ್ನ ಕೈಗಡಿಯಾರಕ್ಕೆ ಹೋಲಿಸಬೇಕು ಎಂದಿದ್ದೆ. ಅರ್ಧ ಗಂಟೆಗೊಮ್ಮೆ ಹೋಲಿಸಿದರು. ಡ್ರೋನಿಗೆ ಹೇಳುವ ಮಾತನ್ನು "ಆಕಾಶ ಬುಟ್ಟೈತೆ" ಎಂದು ಬದಲಿಸಿದರು. ಹೊಂಗಡಹಳ್ಳದ ಕಡೆಯಿಂದ ಬಂದ ಭೂಮಾಪನದವರೂ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಬಿಲ್ಲೆ ಒಯ್ದರು. ಇಪ್ಪತ್ತೆಂಟು ದಿನ ಒಂದೇ ಒಂದು ತಪ್ಪಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಆನೆ ಬಂತು.

ಗದ್ದೆಯಲ್ಲಿ ತೆನೆ ಬಲಿತ ಕಾಲ, ಬೆಳಗಿನ ಮಂಜು. ಮರಿ ಜೊತೆಗಿದ್ದ ಒಂದು ಹೆಣ್ಣಾನೆ ಹಳ್ಳ ದಾಟಿ ನಮ್ಮ ಕಡೆಯ ತೋಟಕ್ಕೆ ನುಗ್ಗಿದೆ, ಯಾವ ಮಗ್ಗುಲಲ್ಲಿದೆಯೋ ಗೊತ್ತಿಲ್ಲ ಎಂದು ಸುದ್ದಿ. ಆನೆ ಕಾವಲಿನ ತಂಡ ಜೀಪಿನಲ್ಲಿ ಬಂತು. ಮೈಯ ಬಿಸಿಯನ್ನು ಮಂಜಿನಲ್ಲೂ ಕಾಣುವ ಕ್ಯಾಮೆರಾದ ಡ್ರೋನು ಅವರಲ್ಲಿತ್ತು. ಹಿಂದೆಯೇ ಅಧ್ಯಕ್ಷರೂ ಬಂದರು.

ತಂಡದ ಪೈಲಟ್ ತನ್ನ ಮೊಬೈಲು ತೋರಿಸಿದ. "ಆ್ಯಪ್ ನೋಡಿ ಮೇಡಂ, ಆಕಾಶ ಖಾಲಿ. ಎಬ್ಬಿಸ್ತೀನಿ."

"ತಡಿಯಪ್ಪ" ಎಂದರು ಅತ್ತಿಗೆ.

"ಅಕ್ಕಾರೇ, ಹೊತ್ತಿಲ್ಲ! ಖಾಲಿ ಅಂತ ಕಾಣ್ತೈತಲ್ಲ!" ಎಂದರು ಅಧ್ಯಕ್ಷರು.

ಅತ್ತಿಗೆ ಗೋಡೆಯ ಹಲಗೆಯತ್ತ ಬೆರಳು ತೋರಿಸಿದರು. ಎರಡು ಮೊಳೆ ಬರಿದಾಗಿದ್ದವು. "ಎರಡು ಮ್ಯಾಲವೆ. ಮಾಸ್ಟ್ರೇ, ಗಂಟೆ ಎಷ್ಟು?"

"ಏಳು ಇಪ್ಪತ್ತಾರು."

"ಪರದೇಲಿ?"

ನೋಡಿದೆ. ಕೊನೆಯ ಸುದ್ದಿ ಬಂದದ್ದು ಆರು ಐವತ್ತಕ್ಕೆ. ಮೊಬೈಲ್ ಟವರ್ ನಿಂತುಹೋಗಿತ್ತು, ಎರಡು ಡ್ರೋನುಗಳೂ ಎದ್ದದ್ದು ಆಮೇಲೆ.

"ಆ್ಯಪು ಸುಳ್ಳು ಹೇಳಲ್ಲ. ಹಳೇ ನಿಜ ಹೇಳ್ತೈತೆ" ಎಂದು ಅತ್ತಿಗೆ ವಾಕಿಟಾಕಿ ಎತ್ತಿದರು. ಸಂಘದ ಡ್ರೋನು ಒಂದೇ ಮಾತಿಗೆ ಇಳಿಯಿತು. ಇನ್ನೊಂದು ನಮ್ಮ ಬಾಳ್ಳುಪೇಟೆಯ ಫೋಟೋಗ್ರಾಫರನದು. ಮಂಜಿನ ಮೇಲೆ ಸೂರ್ಯ ಏಳುವುದನ್ನು ಹಿಡಿಯುತ್ತಿದ್ದ.

"ಆಂಟಿ, ಇನ್ನೊಂದೇ ಶಾಟು—"

"ಆಂಟಿ ಅಲ್ಲ ಕಣೋ, ಕಂಟ್ರೋಲು! ಇಳ್ಸು!"

ಇಳಿಸಿದ. "ಆಕಾಶ ಬುಟ್ಟೈತೆ" ಎಂದರು ಅತ್ತಿಗೆ. ಆನೆ ತಂಡದ ಡ್ರೋನು ಮೇಲೆದ್ದಿತು. ಎಲ್ಲರೂ ಅವನ ಪರದೆಗೆ ಮುಖ ತೂರಿಸಿದೆವು. ಬೂದು ತೋಟ, ಬೂದು ಮರ. ಮೇಲಿನ ಗುಡ್ಡದಲ್ಲಿ ಏನೂ ಇಲ್ಲ. ಹಳ್ಳದ ಹತ್ತಿರ ಏನೂ ಇಲ್ಲ. ಆಮೇಲೆ ಕಂಡವು, ಒಂದು ದೊಡ್ಡ ಬಿಳಿ ಮಚ್ಚೆ, ಅದರ ಹೊಟ್ಟೆಗೆ ಒತ್ತಿಕೊಂಡ ಚಿಕ್ಕ ಮಚ್ಚೆ; ಲೈನಿನ ಮನೆಗಳ ಹಿತ್ತಲಿಗೆ ಐವತ್ತು ಹೆಜ್ಜೆ ದೂರದಲ್ಲಿ.

ಅತ್ತಿಗೆಯ ಬಾಯಲ್ಲಿ ಬಂದದ್ದು ಹಳೆಯ ಮಾತೇ. "ರೈಟ್ರೇ! ಲೈನ್ ಕ್ಲಿಯರ್!"

ಆ ಕಡೆಯಿಂದ ಗರಗರ ಸದ್ದು. "ಅಮ್ಮಾ, ಯಾವ್ದು? ಆಕಾಶದ್ದೋ, ಮನೇದೋ?"

"ಮನೇದು ಕಣೋ ಮಾರಾಯ! ಹಿತ್ಲಾಗೆ ಆನೆ! ಮುಂದ್ಲ ಬಾಗ್ಲಿಂದ ಸ್ಟೋರಿಗೆ!"

ನಾನು ಕೈಗಡಿಯಾರ ನೋಡಿದೆ. ಮೂರು ನಿಮಿಷ ಹತ್ತು ಸೆಕೆಂಡಿನಲ್ಲಿ ರೈಟರ ದನಿ ಮತ್ತೆ ಬಂತು: "ಮೂವತ್ತೆರಡೂ ಒಳಗವ್ರೆ. ಬಾಗ್ಲು ಹಾಕೀವ್ನಿ." ಯಾರು ಯಾರ ಕೂಸನ್ನು ಎತ್ತಿಕೊಳ್ಳಬೇಕು, ಯಾರು ಅಜ್ಜಿಯ ಕೈ ಹಿಡಿಯಬೇಕು ಎಂದು ಯಾರೂ ಕೇಳಲಿಲ್ಲ. ತಿಂಗಳ ಹಿಂದೆ ಎಡವಟ್ಟಿನಲ್ಲಿ ಎಲ್ಲ ಒಮ್ಮೆ ಅಭ್ಯಾಸವಾಗಿತ್ತಲ್ಲ! ಆನೆ ನಿಧಾನವಾಗಿ ಲೈನಿನ ನಡುವೆ ನಡೆದು ಬಂತು. ಹೋದದ್ದು ಎರಡು ಬಾಳೆಗೊನೆ, ಒಂದು ಡಬ್ಬ ಉಪ್ಪು, ಒಂದು ಬಚ್ಚಲಿನ ತಗಡು. ಮರಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಆಟಕ್ಕೆ. ಅರ್ಧ ಗಂಟೆಯಲ್ಲಿ ಎರಡೂ ಕಾಡಿನ ದಾರಿ ಹಿಡಿದವು. ಒಬ್ಬರ ಮೈಮೇಲೂ ಒಂದು ಗೀರಿಲ್ಲ!

ಮುಂದಿನ ಸಂಘದ ಸಭೆಯಲ್ಲಿ ಅಧ್ಯಕ್ಷರು ಎದ್ದು ನಿಂತು, "ಆ್ಯಪು ಇರ್ಲಿ. ಅಕ್ಕಾರೂ ಇರ್ಲಿ. ಆ್ಯಪನ್ನ ನೋಡ್ಕಳಕ್ಕೆ ಅಕ್ಕಾರು ಬೇಕು" ಎಂದರು. ಹನ್ನೊಂದು ತೋಟದವರೂ ಚಪ್ಪಾಳೆ ತಟ್ಟಿದರು. ಲೈನಿನ ಹೆಂಗಸರು ಸೇವಂತಿಗೆ ಹಾರ ತಂದು ಅತ್ತಿಗೆಗೆ ಹಾಕಿದರು. ಅತ್ತಿಗೆ ಅದನ್ನು ತೆಗೆದು ವಾಕಿಟಾಕಿಗೆ ಸುತ್ತಿದರು. ಫೋಟೋಗ್ರಾಫರ್ ಅದರ ಚಿತ್ರ ತೆಗೆದ, "ಕಂಟ್ರೋಲ್, ಸ್ವಲ್ಪ ನಗಿ" ಎನ್ನುತ್ತ. ದಿನವಿಡೀ ಒಬ್ಬರೇ ಕೂರುವುದು ಬೇಡ, ಡ್ಯೂಟಿ ಪಟ್ಟಿ ಮಾಡಿ ಎಂದು ಸಭೆ ತೀರ್ಮಾನಿಸಿತು.

ಮರುದಿನ ಪಟ್ಟಿ ಗೋಡೆಗೆ ಬಂತು. ಬೆಳಿಗ್ಗೆ ಅತ್ತಿಗೆ. ಮಧ್ಯಾಹ್ನ ರೈಟರು. ಸಂಜೆ ಐದರಿಂದ ಆರೂವರೆ, ನಾನು.

ನಾನು ಆಕ್ಷೇಪಿಸಿದೆ. "ಅತ್ತಿಗೆ, ಸಂಜೆ ಐದರ ಮೇಲೆ ಯಾರೂ ಡ್ರೋನು ಏಳಿಸಲ್ಲ. ಗಾಡಿ ಇಲ್ಲದ ಹೊತ್ತಿಗೆ ಡ್ಯೂಟಿ ಹಾಕೋದು ಯಾವ ಶಿಸ್ತು?"

ಅತ್ತಿಗೆ ಮೊರದಲ್ಲಿನ ಅಕ್ಕಿಯಿಂದ ತಲೆ ಎತ್ತಲಿಲ್ಲ. "ಐದೂಮುಕ್ಕಾಲಿಗೆ ನೀವು ದಿನಾ ಗೇಟಿನ ತಾವ ಹೋಗಿ ನಿಂತ್ಕತೀರಲ್ಲ, ಮಾಸ್ಟ್ರೇ."

ಐದೂಮುಕ್ಕಾಲು ಎಂದರೆ ಬಸ್ಸಿನ ಹೊತ್ತು. ಆಲೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನನ್ನ ಹೆಂಡತಿ ಇಳಿಯುತ್ತಿದ್ದ ಬಸ್ಸು ಅದು. ಅವಳು ಹೋಗಿ ಎರಡು ವರ್ಷವಾಯಿತು. ಬಸ್ಸು ಈಗಲೂ ಹೊತ್ತಿಗೆ ಸರಿಯಾಗಿ ಬರುತ್ತದೆ, ಗೇಟಿನೆದುರು ನಿಲ್ಲದೆ ಹೋಗುತ್ತದೆ. ನಾನು ಅಲ್ಲಿ ನಿಲ್ಲುವುದು ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ.

"ಕಾಯಬ್ಯಾಡಿ ಅನ್ನಲ್ಲ ಕಣಪ್ಪ" ಎಂದರು ಅತ್ತಿಗೆ, ಒಂದು ಕಲ್ಲು ಆರಿಸಿ ಬದಿಗಿಡುತ್ತ. "ಕಾಯ್ರಿ. ಇಲ್ಲಿ ಕೂತ್ಕಂಡು, ನಮ್ ಕಣ್ಣೆದುರಿಗೆ ಕಾಯ್ರಿ."

ಡ್ಯೂಟಿಗೆ ನಾನು ಎಂದೂ ತಡವಾಗಿ ಹೋದವನಲ್ಲ. ಅಂದು ಸಂಜೆ ಐದಕ್ಕೆ ಐದು ನಿಮಿಷ ಇರುವಾಗಲೇ ಕುರ್ಚಿಯಲ್ಲಿದ್ದೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಅಣ್ಣ ಆಗಲೇ ಕೂತಿದ್ದ.