ಲಿಂಫ್ಯಾಂಜೈಟಿಸ್ ಅಂದ್ರೇನ್ರಿ ಡಾಕ್ಟರ್ ಸಾಹೇಬ್ರ?

ಡಾಕ್ಟರ ಬಾಯಿಂದ ಹೊರಟ ಮಾತು ರೋಗಿಯ ಕಿವಿ ಮುಟ್ಟುವಷ್ಟರಲ್ಲಿ ಬೇರೆ ಮಾತೇ ಆಗಿರುತ್ತದೆ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಅಂತ ಊರಿಂದೂರಿಗೆ ಬೋರ್ಡು ಹೊತ್ತು ಸ್ವಂತ ದವಾಖಾನೆ ನಡೆಸಿದಷ್ಟು ದಿನವೂ ನನಗೆ ಇದು ತಪ್ಪಲಿಲ್ಲ. ಅದರಲ್ಲೂ ಲಿಂಫ್ಯಾಂಜೈಟಿಸ್ ಎಂಬ ಹೆಸರು ನನ್ನನ್ನು ಕಾಡಿದಷ್ಟು ಆ ಕಾಯಿಲೆ ಯಾವ ರೋಗಿಯನ್ನೂ ಕಾಡಿರಲಿಕ್ಕಿಲ್ಲ.

ಕಾಯಿಲೆ ಆ ಕಡೆ ಹೊಸದೇನಲ್ಲ. ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೂಳೆ ಚುಚ್ಚುತ್ತದೆ. ಮೈಯೊಳಗೆ ರಕ್ತದ ಹಾಗೆಯೇ ತಿಳಿನೀರಿನಂಥ ಒಂದು ರಸವೂ ಹರಿಯುತ್ತದಲ್ಲ, ಗಾಯದ ನಂಜು ಆ ರಸದ ನಾಳ ಹಿಡಿದು ಮೇಲೇರುತ್ತದೆ. ನಾಳ ಬಾತು, ಚರ್ಮದ ಮೇಲೆ ಕೆಂಪು ಗೆರೆ ಮೂಡಿ, ಚಳಿಜ್ವರ ಬರುತ್ತದೆ. ಬೇಗ ಬಂದರೆ ಸೂಜಿಮದ್ದಿಗೆ ಬಗ್ಗುತ್ತದೆ, ತಡ ಮಾಡಿದರೆ ಜೀವಕ್ಕೇ ಬರುತ್ತದೆ. ಇಷ್ಟನ್ನು ತಿಳಿಸಿ ಹೇಳಲು ಹೋಗಿ ನಾನು ಪಟ್ಟ ಪಾಡು ಇದು.

ಕಾಲು ನೋಡಿ ಕುಲ

ಆಳಂದದಲ್ಲಿದ್ದಾಗ ಹಿರೋಳ್ಳಿಯ ಗೌಡರೊಬ್ಬರು ಕುಂಟುತ್ತ ಬಂದರು. ಜೊತೆಗೆ ಅವರ ಟ್ರ್ಯಾಕ್ಟರ್ ಓಡಿಸುವ ಸಾಬರು. ಗೌಡರ ಕಾಲು ನೋಡಿ, ನನ್ನಷ್ಟಕ್ಕೆ "ಲಿಂಫ್ಯಾಂಜೈಟಿಸ್" ಅಂದೆ.

"ಹೌದ್ರಿ, ಲಿಂಗಾಯತ್ರೇ!" ಗೌಡರು ಎದ್ದು ಕೂತರು. "ಕಾಲ ನೋಡಿ ಹ್ಯಾಂಗ ಗುರುತು ಹಿಡದ್ರಿ?" ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗದ ಕರಡಿಗೆಯನ್ನೂ ತೋರಿಸಿದರು.

"ಅಲ್ರಿ ಗೌಡ್ರ, ಅದು ರೋಗದ ಹೆಸರು."

ಗೌಡರ ಮುಖ ಗಂಟಿಕ್ಕಿತು. "ನಮ್ಮ ಕುಲಕ್ಕ ರೋಗ ಅಂತೀರೇನ್ರಿ?"

ಪುಣ್ಯಕ್ಕೆ ಸಾಬರ ಅಂಗೈಗೂ ಜಾಲಿಮುಳ್ಳು ಚುಚ್ಚಿ ಅದೇ ಕೆಂಪು ಗೆರೆ ಎದ್ದಿತ್ತು. "ನೋಡ್ರಿ, ಇವರಿಗೂ ಆಗೇದ. ಇವರೂ ಲಿಂಫ್ಯಾಂಜೈಟಿಸ್ಸೇ" ಅಂದೆ.

ಸಾಬರು ಹಿಂದಕ್ಕೆ ಹಾರಿದರು. "ತೋಬಾ ತೋಬಾ! ನಾ ಯಾವಾಗ ಆದೆನ್ರಿ?"

ಗೌಡರ ಸಿಟ್ಟು ಇಳಿದು ನಗು ಬಂತು. ಸಾಬರ ಬೆನ್ನು ಚಪ್ಪರಿಸಿದರು. "ಅಂಜಬ್ಯಾಡೋ. ಡಾಕ್ಟ್ರು ಹೇಳ್ಯಾರಂದ್ರ ಆಗಿರ್ತೀ. ಮನ್ಯಾಗ ನಿನ್ನ ಹೇಣ್ತಿಗೆ ನಾನ ತಿಳಿಸಿ ಹೇಳ್ತೇನಿ."

ಇರುವೆ ಕಾದವನು

ಅಫಜಲಪುರಕ್ಕೆ ಬಂದ ಮೇಲೆ ಇಂಗ್ಲಿಷ್ ಹೆಸರು ಬಿಟ್ಟೆ. ಕನ್ನಡದಲ್ಲಿ ದುಗ್ಧರಸನಾಳ ಅನ್ನಬೇಕಂತೆ. ದುಗ್ಧ ಅಂದರೆ ಎಮ್ಮೆ ಹಾಲಿನ ಮಾತು ಬಂದೀತೆಂದು ಹೆದರಿ, ಬರೇ ರಸನಾಳ ಅಂತ ಇಟ್ಟುಕೊಂಡೆ.

ಹವಳಗಾ ಕಡೆಯ ರೈತನೊಬ್ಬ ಕಬ್ಬು ಕಡಿಯುವಾಗ ಕೈಗೆ ಕುಡುಗೋಲು ತಾಗಿಸಿಕೊಂಡು ಬಂದ. "ರಸನಾಳಕ್ಕ ಬಾವು ಬಂದದ" ಅಂತ ಸೂಜಿ ಚುಚ್ಚಿ ಕಳಿಸಿದೆ. ಮರುದಿನ ಗಂಡನಿಗಿಂತ ಮುಂಚೆ ಹೆಂಡತಿ ಒಳಗೆ ಬಂದಳು.

"ಏನ್ ಹೇಳೀರಿ ಸಾಹೇಬ್ರ ಇವರಿಗೆ? ನಿನ್ನಿಂದ ಕಟ್ಟಿ ಮ್ಯಾಲ ಕೈ ಚಾಚಿ ಕುಂತಾರ. ಉಣ್ಣಾಕ ಕರದ್ರೂ ಏಳವಲ್ರು. ಇರುವಿ ಹತ್ತತಾವೇನು ಅಂತ ನೋಡಾಕತ್ತಾರ!"

ಹಿಂದೆಯೇ ಬಂದ ಅವನ ಮುಖ ಬಾಡಿತ್ತು. "ಒಂದ್ ಇರುವೀನೂ ಹತ್ರ ಬರ್ಲಿಲ್ರಿ ಸಾಹೇಬ್ರ. ರಸ ಹುಳಿ ಬಂದದ ಅನಸ್ತದ."

ಗಂಟು

ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬಂದಿದ್ದ ಮುದುಕಿಯೊಬ್ಬಳು ಬೆರಳಿನ ಗಾಯ ಕೀವಾಗಿ ನನ್ನಲ್ಲಿಗೆ ಬಂದಳು. ಇಂಥದ್ದರಲ್ಲಿ ಕಂಕುಳಲ್ಲೂ ಗಂಟು ಏಳುತ್ತದೆ. ತಡವಿ ನೋಡಿ, "ಸಿಕ್ತು ನೋಡವ್ವ ಗಂಟು" ಅಂದೆ.

"ಸಿಕ್ತೇನೋ ಯಪ್ಪಾ!" ಮುದುಕಿ ಎರಡೂ ಕೈಯೆತ್ತಿ ಮುಗಿದಳು. "ಬಸ್ಸಿನ್ಯಾಗ ಬಿಟ್ಟಿದ್ನಿ. ಅದರಾಗ ನನ್ನ ಇಳಕಲ್ ಸೀರಿ ಅದ ಏನು, ಬಿಚ್ಚಿ ನೋಡು!"

ಗುರುತು

ಜೇವರ್ಗಿಯಲ್ಲಿ ಮಾತಿನ ಸಹವಾಸವೇ ಬೇಡ, ಗೆರೆ ಎಳೆದು ತೋರಿಸುವುದೇ ವಾಸಿ ಎಂದುಕೊಂಡೆ.

ಅಣ್ಣ ತಮ್ಮ ಇಬ್ಬರು ಬಂದರು. ಅಣ್ಣನ ಪಾದದ ಗಾಯದಿಂದ ಕೆಂಪು ಗೆರೆ ಮೊಣಕಾಲಿನ ಕೆಳಗಿನವರೆಗೆ ಏರಿತ್ತು. ಸೂಜಿ ಕೊಟ್ಟೆ. ಗೆರೆ ಮುಗಿದಲ್ಲಿ ಪೆನ್ನಿನಿಂದ ಅಡ್ಡ ಗುರುತು ಹಾಕಿ ತಮ್ಮನಿಗೆ ಹೇಳಿದೆ: "ನಾಳೆ ಸೂಜಿಗೆ ಬರ್ರಿ. ಅದರೊಳಗ ಕೆಂಪು ಈ ಗುರುತು ದಾಟಿತಂದ್ರ, ಇದ್ದ ಕೆಲಸ ಬಿಟ್ಟು ಕರಕೊಂಡು ಬರ್ರಿ."

ಮರುದಿನ ಬರಲಿಲ್ಲ. ಅದರ ಮರುದಿನ ತಮ್ಮ ಅವನನ್ನು ಎತ್ತಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದ. ಅಣ್ಣನ ಮೈ ಕೆಂಡವಾಗಿತ್ತು. ಧೋತರ ಸರಿಸಿದರೆ ಕೆಂಪು ಗೆರೆ ತೊಡೆಯ ತುದಿ ಮುಟ್ಟಿದೆ, ಗುರುತು ಅದಕ್ಕೂ ಒಂದು ಬೆರಳು ಮೇಲೆ!

"ಗುರುತು ದಾಟಿಲ್ಲ ನೋಡ್ರಿ" ಅಂದ ತಮ್ಮ, ಹೆಮ್ಮೆಯಿಂದ.

"ನಾ ಹಾಕಿದ್ದು ಮೊಣಕಾಲ ಕೆಳಗಲ್ಲೇನಪಾ?"

"ಹೌದ್ರಿ. ಕೆಂಪು ಸನೇಕ ಬಂದಕೂಡ್ಲೆ ಅಳಸಿ ಮ್ಯಾಲ ಹಾಕಿದ್ನಿ. ಮತ್ತ ಬಂತು, ಮತ್ತ ಸರಿಸಿದ್ನಿ. ಒಟ್ಟ ದಾಟಗೊಡಲಿಲ್ರಿ!"

"ಮತ್ತ ಈಗ್ಯಾಕ ಬಂದೀ?"

"ಮ್ಯಾಲ ಜಾಗಾ ಮುಗೀತ್ರಿ."

ನಾನು ಸಿರಿಂಜಿಗೆ ಮದ್ದು ಎಳೆದುಕೊಂಡೆ. ಅಣ್ಣ ಬದುಕಿ, ವಾರದೊಪ್ಪತ್ತಿನಲ್ಲಿ ಎದ್ದು ಓಡಾಡಿದ ಅನ್ನಿ. ಆದರೆ ಆ ಗಳಿಗೆಯಲ್ಲಿ, ಕಣ್ಣು ಬಿಡಲೂ ಆಗದೆ ಬಿದ್ದಿದ್ದವನು ಥಟ್ಟನೆ ಮೊಣಕೈ ಊರಿ ಎದ್ದು ನನ್ನ ಕೈ ಗಟ್ಟಿಯಾಗಿ ಹಿಡಿದ.

"ಕೇಳಿದ್ರೇನ್ರಿ ಸಾಹೇಬ್ರ? ತಾನ ಬಾಯಿ ಬಿಟ್ಟ! ನಮ್ಮಿಬ್ಬರ ಹೊಲದ ನಡುವಿನ ಬಾಂದಗಲ್ಲೂ ಹಿಂಗ ಸರಿಸ್ಯಾನ. ಸೂಜಿ ಆಮ್ಯಾಲ ಚುಚ್ಚೀರಂತ, ಮೊದಲ ಕೋರ್ಟಿಗೆ ಬಂದು ಸಾಕ್ಷಿ ಹೇಳ್ತೇನಿ ಅಂತ ಆಣಿ ಮಾಡ್ರಿ!"